ಟಿಕೆಟ್ ಎಣಿಸಿದರೆ ಹೆಂಗಸರನ್ನು ಎಣಿಸಿದ ಹಾಗಾಯ್ತಾ?

ಪ್ರೀತಿಯ ತಂಗಿ,

ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಉಚಿತ ಪ್ರಯಾಣ ಕೊಡೋ ಕರ್ನಾಟಕದ ಶಕ್ತಿ ಯೋಜನೆ ಮೇಲಿನ ನಿನ್ನ ಲೇಖನ ಓದಿದೆ. ಚೆನ್ನಾಗಿದೆ ಅಂತ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮೂರನೇ ಪುಟದಲ್ಲಿ ಪೆನ್ಸಿಲ್ ನಿಂತುಬಿಟ್ಟಿತು.

ಶೂನ್ಯ ಟಿಕೆಟ್, ಅಂದರೆ ದುಡ್ಡಿಲ್ಲದೆ ಕೊಡೋ ಟಿಕೆಟ್, ಅದರ ಲೆಕ್ಕ ಎತ್ತಿಕೊಂಡು 'ಇಷ್ಟು ಕೋಟಿ ಮಹಿಳೆಯರು' ಅಂತ ಬರೆದಿದ್ದೀಯ. ಕಂಡಕ್ಟರ್ ಮಷೀನಿನಿಂದ ಹರಿದು ಕೊಡೋದು ಟಿಕೆಟ್, ಅಲ್ವಾ? ಗಾರ್ಮೆಂಟ್ಸ್‌ಗೆ ಹೋಗುವವಳು ಬೆಳಿಗ್ಗೆ ಎರಡು ಬಸ್, ಸಂಜೆ ಎರಡು ಬಸ್ ಹಿಡಿದರೆ ದಿನಕ್ಕೆ ನಾಲ್ಕು ಟಿಕೆಟ್. ವಾರಕ್ಕೆ ಆರು ದಿನ ಕೆಲಸ ಅಂದರೆ 24. ಹೆಂಗಸು ಮಾತ್ರ ಒಬ್ಬಳೇ. ಯೋಜನೆ ಶುರುವಾದ 2023ರ ಜೂನ್ 11ರಿಂದ ಈ ತಪ್ಪನ್ನು ಎಷ್ಟೋ ಜನ ಮಾಡಿದ್ದಾರೆ, ನೀನೊಬ್ಬಳೇ ಅಲ್ಲ. ಇನ್ನೊಂದು ವಿಷಯ. ಆ ಚೀಟಿ ಸಂಶೋಧನೆಗೆ ಅಂತ ಹುಟ್ಟಿದ್ದಲ್ಲ, ಸಾರಿಗೆ ನಿಗಮಗಳು ಸರ್ಕಾರದಿಂದ ದುಡ್ಡು ಕೇಳೋದಕ್ಕೆ ಹುಟ್ಟಿದ್ದು. ಯಾವ ಅಂಕಿ ಸಿಕ್ಕರೂ ಅದನ್ನು ಯಾರು, ಯಾಕೆ ಬರೆದಿಟ್ಟರು ಅಂತ ಮೊದಲು ಕೇಳು.

ನಾನೇನೂ ಕಡಿಮೆ ಇರಲಿಲ್ಲ. ಒಂದು ಸರ್ವೆಯಲ್ಲಿ 'ಕೆಲಸ ಮಾಡ್ತೀರಾ ಅಮ್ಮಾ?' ಅಂತ ಕೇಳಿದೆ. 'ಇಲ್ಲಪ್ಪ, ಮನೇಲೇ ಇರ್ತೀನಿ' ಅಂದರು. 'ಇಲ್ಲ' ಅನ್ನೋ ಕಡೆ ಟಿಕ್ ಹಾಕಿದೆ. ಅವರ ಮೊರದ ತುಂಬ ಬೀಡಿ. ಉತ್ತರ ಕೊಡುತ್ತಲೇ ಇನ್ನೊಂದಕ್ಕೆ ದಾರ ಸುತ್ತುತ್ತಿದ್ದರು. ನಾನು ಫಾರಂ ನೋಡುತ್ತಿದ್ದೆ, ಕೈ ನೋಡಲಿಲ್ಲ. ಆ ಟಿಕ್ ಹಾಗೇ ಕೋಷ್ಟಕಕ್ಕೂ ಹೋಯಿತು.

ಯಾವ ಅಳತೆಯಲ್ಲಿ ನೋಡ್ತೀಯ ಅನ್ನೋದೂ ಮುಖ್ಯ. ಕರ್ನಾಟಕದ ಯಾವ ಭಾಗ ಹಿಂದುಳಿದಿದೆ ಅಂತ ನೋಡಿ 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಜಿಲ್ಲೆಗೇ ನಿಲ್ಲದೆ ತಾಲ್ಲೂಕಿಗೆ ಇಳಿಯಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಕಲಬುರಗಿ ಕಡೆಯ ತಾಲ್ಲೂಕುಗಳು ಪಟ್ಟಿಯಲ್ಲಿ ಬರ್ತವೆ ಅಂತ ಎಲ್ಲರಿಗೂ ಗೊತ್ತಿತ್ತು. ಬೆಂಗಳೂರಿನ ಮಗ್ಗುಲಲ್ಲೇ ಇರೋ ಕನಕಪುರವೂ ಆ 39ರಲ್ಲಿತ್ತು. ಜಿಲ್ಲೆಯ ಸರಾಸರಿ ನೋಡಿಕೊಂಡು ಕೂತಿದ್ದರೆ ಅದು ಕಾಣುತ್ತಿತ್ತಾ?

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. 'ಫಲಾನುಭವಿ' ಹನ್ನೊಂದು ಸಲ ಬಂದಿದೆ, ಎಣಿಸಿದೆ. ತನ್ನನ್ನು ತಾನು ಹಾಗೆ ಕರೆದುಕೊಳ್ಳುವವರನ್ನು ನಾನಂತೂ ಕಂಡಿಲ್ಲ.

ಒಂದು ವಾರ ಅದೇ ಬೆಳಗಿನ ಬಸ್ ಹತ್ತು. ಉಳಿದ ಟಿಕೆಟ್ ದುಡ್ಡಲ್ಲಿ ಏನು ಮಾಡ್ತೀರಿ ಅಂತ ನೇರವಾಗಿ ಕೇಳಬೇಡ. ಮೊದಲು ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳು.

ಮೂರನೇ ಪುಟ ತಿದ್ದಿ ಕಳಿಸು. ನಾಲ್ಕನೇ ಪುಟದ ಜಗಳ ಆಮೇಲೆ ಆಡೋಣ.

ಇಂತಿ,
ನಿನ್ನ ಅಣ್ಣ