ಕರ್ಣ ಹೆದೆ ಏರಿಸಿದನೋ, ಇಲ್ಲವೋ?

ಮಹಾಭಾರತದಲ್ಲಿ ಬರುವ ದ್ರೌಪದಿಯ ಸ್ವಯಂವರ ನಮಗೆಲ್ಲ ಗೊತ್ತಿರುವ ಕಥೆ. ರಾಜರು ಒಬ್ಬೊಬ್ಬರಾಗಿ ಬಂದು ಸೋತು ಕೂರುತ್ತಾರೆ. ಆಗ ಕರ್ಣ ಏಳುತ್ತಾನೆ. ಬಿಲ್ಲೆತ್ತಿ ಸಲೀಸಾಗಿ ಹೆದೆ ಏರಿಸುತ್ತಾನೆ, ಬಾಣ ಹೂಡುತ್ತಾನೆ. ಅಷ್ಟರಲ್ಲಿ ದ್ರೌಪದಿ ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ: ಸೂತನನ್ನು ನಾನು ವರಿಸುವುದಿಲ್ಲ. ಕರ್ಣ ಸೂರ್ಯನ ಕಡೆ ನೋಡಿ, ಸಿಟ್ಟಿನಲ್ಲೇ ನಕ್ಕು, ಬಿಲ್ಲು ಕೆಳಗೆ ಹಾಕುತ್ತಾನೆ.

ಅದೇ ಪುಸ್ತಕದಲ್ಲಿ ಸ್ವಲ್ಪ ಮುಂದೆ ಓದಿ. ಬ್ರಾಹ್ಮಣರ ಗುಂಪಿನಿಂದ ಅರ್ಜುನ ಎದ್ದು ಬರುತ್ತಾನೆ. ಸುತ್ತ ಕೂತವರಿಗೆ ದಿಗಿಲು. ಕರ್ಣ, ಶಲ್ಯರಂಥವರಿಗೇ ಬಗ್ಗದ ಬಿಲ್ಲು ಈ ಹುಡುಗನಿಗೆ ಬಗ್ಗುತ್ತಾ ಅಂತ ಮಾತಾಡಿಕೊಳ್ಳುತ್ತಾರೆ. ಕಥೆ ಹೇಳುವವನೂ ಅದನ್ನೇ ಹೇಳುತ್ತಾನೆ: ದುರ್ಯೋಧನ, ಶಲ್ಯ, ರಾಧೇಯ ಎಷ್ಟು ಕಷ್ಟಪಟ್ಟರೂ ಹೆದೆ ಏರಿಸಲಾಗದ ಬಿಲ್ಲನ್ನು ಅರ್ಜುನ ಕಣ್ಣು ಮಿಟುಕಿಸುವಷ್ಟರಲ್ಲಿ ಏರಿಸಿದ.

ರಾಧೇಯ ಅಂದರೆ ಕರ್ಣನೇ ಅಲ್ವಾ? ಈಗಷ್ಟೇ ಹೆದೆ ಏರಿಸಿದವನು!

ನಮ್ಮ ಕನ್ನಡ ತರಗತಿಯ ಮಕ್ಕಳು ಇಂಥದ್ದನ್ನು ಥಟ್ಟನೆ ಹಿಡಿಯುತ್ತಾರೆ. ಅವರು ಕಾಮಿಕ್ಸ್‌ನಲ್ಲಿ ಒಂದು ಓದಿರುತ್ತಾರೆ, ಟಿವಿಯಲ್ಲಿ ಇನ್ನೊಂದು ನೋಡಿರುತ್ತಾರೆ, ಫೋನಿನಲ್ಲಿ ಅಜ್ಜಿಯಿಂದ ಮತ್ತೊಂದು ಕೇಳಿರುತ್ತಾರೆ. ‘ಯಾವುದು ನಿಜ?’ ಅಂತ ಕೇಳಿದಾಗ ‘ದೇವರ ಕಥೆ, ಸುಮ್ನೆ ಕೇಳು’ ಅನ್ನುವುದು ನಮಗೆ ಸುಲಭ. ಹಾಗೆ ಬಾಯಿ ಮುಚ್ಚಿಸಬೇಡಿ ಅಂತ ಕೇಳಿಕೊಳ್ಳುವುದಕ್ಕೇ ಈ ಸಲ ಈ ವಿಷಯ ಎತ್ತಿಕೊಂಡೆ. ಆ ಪ್ರಶ್ನೆಗೆ ದೊಡ್ಡ ದೊಡ್ಡ ವಿದ್ವಾಂಸರು ಜೀವನವನ್ನೇ ಕೊಟ್ಟಿದ್ದಾರೆ.

ಪುಣೆಯ ಭಂಡಾರ್ಕರ್ ಸಂಸ್ಥೆ ಮಹಾಭಾರತದ ಪರಿಷ್ಕರಣೆಗೆ ಕೈ ಹಾಕಿದ್ದು 1919ರಲ್ಲಿ. ಮುಗಿದದ್ದು 1966ರಲ್ಲಿ. ಕಾಶ್ಮೀರದ ಶಾರದಾ ಲಿಪಿಯಿಂದ ಹಿಡಿದು ಬಂಗಾಳಿ, ತೆಲುಗು, ಗ್ರಂಥ, ಮಲಯಾಳಂ ಲಿಪಿಗಳವರೆಗೆ 1,259 ಹಸ್ತಪ್ರತಿಗಳನ್ನು ಜೋಡಿಸಿಕೊಂಡು ಶ್ಲೋಕ ಶ್ಲೋಕವನ್ನೂ ಹೋಲಿಸಿ ನೋಡಿದರು. ಮುಂದಾಳಾಗಿದ್ದ ವಿ. ಎಸ್. ಸುಖಠಣಕರ್ 1943ರಲ್ಲಿ ತೀರಿಕೊಂಡರು. ಕೆಲಸ ಮಾತ್ರ ನಿಲ್ಲಲಿಲ್ಲ. ದ್ರೌಪದಿಯ ಆ ಮಾತು ಕೆಲವು ಪ್ರತಿಗಳಲ್ಲಿ ಮಾತ್ರ ಇದೆ. ಹಾಗಾಗಿ ಅವರು ಅದನ್ನು ಮೂಲದಿಂದ ತೆಗೆದು ಟಿಪ್ಪಣಿಗೆ ಇಳಿಸಿದರು. ಅಂದರೆ ಬಿಲ್ಲು ಬಗ್ಗದ ಕಥೆ ಹಳೆಯದು, ದ್ರೌಪದಿ ತಡೆದ ಕಥೆ ಆಮೇಲೆ ಬಂದು ಸೇರಿದ್ದು. ಸೇರಿಸಿದವರು ಹಳೆಯ ಮಾತನ್ನು ಅಳಿಸಲಿಲ್ಲ. ಎರಡೂ ಒಂದೇ ಪುಸ್ತಕದಲ್ಲಿ ಉಳಿದವು.

ಹಾಗಂತ ಸೇರಿಸಿದ್ದು ಸುಳ್ಳು, ಬಿಸಾಡೋಣ ಅನ್ನುವವನಲ್ಲ ನಾನು. ಯಾಕೆ ಸೇರಿಸಿದರು ಅನ್ನುವುದೇ ನನಗೆ ಹೆಚ್ಚು ಮುಖ್ಯ. ಮುಂದೆ ಜೂಜಿನ ಸಭೆಯಲ್ಲಿ ಕರ್ಣ ದ್ರೌಪದಿಗೆ ಆಡುವ ಮಾತು ಎಷ್ಟು ಕ್ರೂರ! ದಾನಶೂರ ಅನ್ನಿಸಿಕೊಂಡವನ ಬಾಯಲ್ಲಿ ಆ ಮಾತು ಯಾಕೆ ಬಂತು? ಕಥೆ ಹೇಳುತ್ತಿದ್ದ ಯಾರಿಗೋ ಈ ಪ್ರಶ್ನೆ ಕಾಡಿರಬೇಕು. ತುಂಬಿದ ಸಭೆಯಲ್ಲಿ ಅವನಿಗೂ ಒಂದು ಅವಮಾನ ಆಗಿತ್ತು ಅಂತ ಹೇಳಿದರೆ ಆ ಸಿಟ್ಟಿಗೊಂದು ಬೇರು ಸಿಗುತ್ತದೆ. ಕರ್ಣ ಮಾಡಿದ್ದು ಸರಿಯಾಗುವುದಿಲ್ಲ, ಆದರೆ ಅರ್ಥವಾಗುತ್ತದೆ. ಇದು ನನ್ನ ಊಹೆ. ಆದರೂ ಇದನ್ನು ನಂಬುತ್ತೇನೆ.

ಕಥೆಗೆ ನಾನಾ ರೂಪ ಇವೆ ಅಂತ ಮಹಾಭಾರತ ತಾನೇ ಒಪ್ಪಿಕೊಳ್ಳುತ್ತದೆ. ವ್ಯಾಸರು ಸುಮಂತು, ಜೈಮಿನಿ, ಪೈಲ, ಶುಕ, ವೈಶಂಪಾಯನ ಈ ಐವರಿಗೆ ಕಲಿಸಿದರು. ಅವರು ಬೇರೆ ಬೇರೆಯಾಗಿ ಭಾರತವನ್ನು ಪ್ರಕಟಿಸಿದರು ಅಂತ ಆದಿಪರ್ವದಲ್ಲೇ ಇದೆ. ಕೆಲವರು ಮನುವಿನಿಂದ ಶುರು ಮಾಡುತ್ತಾರೆ, ಕೆಲವರು ಆಸ್ತೀಕನಿಂದ, ಇನ್ನು ಕೆಲವರು ಉಪರಿಚರ ವಸುವಿನಿಂದ ಅಂತಲೂ ಇದೆ. ನಾವು ಓದುವುದು ವೈಶಂಪಾಯನ ಜನಮೇಜಯನಿಗೆ ಹೇಳಿದ್ದನ್ನು. ಅದನ್ನು ಸೂತಪುರಾಣಿಕ ಉಗ್ರಶ್ರವ ಕೇಳಿಸಿಕೊಂಡು ನೈಮಿಷಾರಣ್ಯದ ಋಷಿಗಳಿಗೆ ಮತ್ತೆ ಹೇಳಿದ. ಇಷ್ಟು ಬಾಯಿ ದಾಟಿ ಬಂದ ಕಥೆ ಒಂದೇ ಥರ ಇರಬೇಕು ಅಂತ ಹಟ ಹಿಡಿದರೆ ಹೇಗೆ?

ಒಂದಕ್ಕೊಂದು ಹೊಂದದಂತೆ ಕಾಣುವ ಮಾತುಗಳೆಲ್ಲ ಇಂಥವೇ ಅಲ್ಲ. ಕರ್ಣನ ಗುರು ದ್ರೋಣರೋ ಪರಶುರಾಮರೋ ಅಂತ ಕೇಳುತ್ತಾರೆ. ಇಬ್ಬರೂ ಹೌದು. ದ್ರೋಣರು ಬ್ರಹ್ಮಾಸ್ತ್ರ ಕಲಿಸಲು ಒಪ್ಪದಿದ್ದಾಗ ಅವನು ಪರಶುರಾಮರ ಬಳಿ ಹೋದ ಅಂತ ಶಾಂತಿಪರ್ವ ಹೇಳುತ್ತದೆ. ಪೂರ್ತಿ ಓದಿದರೆ ಗಂಟು ಬಿಚ್ಚಿಕೊಳ್ಳುತ್ತದೆ.

ನಮ್ಮ ಕನ್ನಡ ಕವಿಗಳಂತೂ ಬೇಕೆಂದೇ ಕಥೆ ಬದಲಿಸಿದರು. 941ರಲ್ಲಿ ಪಂಪ ತನ್ನ ಭಾರತ ಮುಗಿಸಿದಾಗ ಅದರಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿದ ಮೇಲೆ ಹಾಗೆ ಮಾಡುವುದು ಅವನಿಗೆ ಬೇಕಾಗಿತ್ತು. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ಇವತ್ತಿಗೂ ವಾಲಿಯ ಅರ್ಥ ಹೇಳುವವರು ‘ಮರೆಯಲ್ಲಿ ನಿಂತು ಹೊಡೆದೆಯಲ್ಲ’ ಅಂತ ರಾಮನನ್ನು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ. ರಾಮನ ಪಾತ್ರಧಾರಿ ಉತ್ತರ ಕೊಡಲೇಬೇಕು. ಕೂತು ಕೇಳುವ ಭಕ್ತರಿಗೆ ಅದರಿಂದ ಭಕ್ತಿ ಕಡಿಮೆಯಾಗಿದ್ದನ್ನು ನಾನು ಕಂಡಿಲ್ಲ.

ಕಲ್ಪ (ಸೃಷ್ಟಿಯ ಒಂದು ಸುತ್ತು) ಬೇರೆ, ಆದ್ದರಿಂದ ಕಥೆಯೂ ಬೇರೆ ಅನ್ನುವ ಹಳೆಯ ಸಮಾಧಾನ ಒಂದಿದೆ. ಹಿರಿಯರು ಹೇಳಿದ್ದು, ಗೌರವವಿದೆ. ಆದರೆ ಮಗುವಿಗೆ ಮೊದಲೇ ಅದನ್ನು ಹೇಳಿದರೆ ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಬದಲಿಗೆ ಈ ಕಥೆ ಯಾರು ಯಾರಿಗೆ ಹೇಳಿದ್ದು, ಯಾಕೆ ಹೀಗೆ ಹೇಳಿರಬಹುದು ಅಂತ ಕೂತು ಮಾತಾಡಿ. ಗೊತ್ತಿಲ್ಲದಿದ್ದರೆ ಜೊತೆಗೆ ಹುಡುಕಿ.

ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇದಕ್ಕೇ ಮೀಸಲಿಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಕೇಳಿದ, ಪುಸ್ತಕದಲ್ಲಿ ಇರುವುದಕ್ಕಿಂತ ಬೇರೆಯಾದ ರಾಮಾಯಣ, ಭಾರತದ ಕಥೆ ಇದ್ದರೆ ಬರೆದು ಕಳಿಸಿ. ಯಾವ ಊರಿನದು, ಹೇಳಿದ್ದು ಅಜ್ಜಿಯೋ, ಹರಿಕಥೆ ದಾಸರೋ, ಆಟದ ಭಾಗವತರೋ ಅದನ್ನೂ ಬರೆಯಿರಿ. ಮಕ್ಕಳು ಕೇಳಿದ ಪ್ರಶ್ನೆಗಳಿದ್ದರೆ ಅವನ್ನು ತಿದ್ದದೆ ಹಾಗೇ ಕಳಿಸಿ.