ಖಾಲಿ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ಹಿಡಿಯುವ ಮುನ್ನ

ಮಾನ್ಯರೇ,

ಮಳೆಗಾಲದುದ್ದಕ್ಕೂ ಅಂಗಳದಲ್ಲೇ ನಿಂತಿದ್ದ ನನ್ನ 1998ರ ಬೈಕನ್ನು ಕಳೆದ ದೀಪಾವಳಿಯ ಹೊತ್ತಿಗೆ ಹೊರತೆಗೆದಾಗ, ಟ್ಯಾಂಕಿನ ಅಡಿಯ ಬೆಸುಗೆ ಸಾಲಿನಿಂದ ಪೆಟ್ರೋಲ್ ಜಿನುಗುತ್ತಿತ್ತು. ಗ್ಯಾರೇಜಿನವರು ಟ್ಯಾಂಕ್ ಬಿಚ್ಚಿ, ಉಳಿದ ಪೆಟ್ರೋಲನ್ನು ಡಬ್ಬಿಗೆ ಸುರಿದು, ಪಕ್ಕದ ವೆಲ್ಡಿಂಗ್ ಅಂಗಡಿಗೆ ಕಳಿಸಿದರು. ಅಲ್ಲಿದ್ದ ಹುಡುಗ ಅದನ್ನು ಬೋರಲು ಹಾಕಿ ಅಲುಗಿಸಿ, ‘ಖಾಲಿ ಅದ ರೀ ಸರ್, ಏನೂ ಆಗೂದಿಲ್ಲ’ ಎನ್ನುತ್ತ ಗ್ಯಾಸ್ ಹೊತ್ತಿಸಲು ಹೊರಟಾಗ ನಾನು ಅವನ ಕೈ ಹಿಡಿದು ನಿಲ್ಲಿಸಬೇಕಾಯಿತು. ಅವನನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಅವನಿಗೆ ಈ ವಿಷಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಆವಿ. ಗಾಳಿಯಲ್ಲಿ ಆ ಆವಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಿದ್ದರೆ ಒಂದು ಕಿಡಿಗೇ ಸ್ಫೋಟವಾಗುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿರುವುದಿಲ್ಲ. ಈಗಷ್ಟೇ ಬರಿದು ಮಾಡಿದ ಟ್ಯಾಂಕಿನಲ್ಲಿ ಆವಿಯೂ ಇರುತ್ತದೆ, ಗಾಳಿಯೂ ಇರುತ್ತದೆ. ಈ ಆವಿ ಗಾಳಿಗಿಂತ ಭಾರವಾದ್ದರಿಂದ ಮುಚ್ಚಳ ತೆರೆದಿಟ್ಟ ಮಾತ್ರಕ್ಕೆ ಹೊರಗೆ ಹೋಗುವುದೂ ಇಲ್ಲ.

ನಮ್ಮ ಒಣ ಸೀಮೆಯಲ್ಲಿ ಟ್ಯಾಂಕಿಗೆ ತುಕ್ಕು ಎಲ್ಲಿಂದ ಬಂತೆಂದು ಕೇಳುವವರಿದ್ದಾರೆ. ಅರ್ಧ ಖಾಲಿಯಿರುವ ಟ್ಯಾಂಕ್ ಹಗಲಿನ ಕಾವಿಗೆ ಗಾಳಿಯನ್ನು ಹೊರದೂಡಿ, ರಾತ್ರಿಯ ತಂಪಿಗೆ ಒಳಗೆಳೆದುಕೊಳ್ಳುತ್ತದೆ. ಜತೆಗೆ ಬಂದ ತೇವ ಒಳಗೋಡೆಯಲ್ಲಿ ಹನಿಗಟ್ಟಿ ತಳಕ್ಕಿಳಿದು ನಿಲ್ಲುತ್ತದೆ. ಇದರ ಮೇಲೆ, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ 20ರ ಎಥನಾಲ್ ಮಿಶ್ರಿತ ಪೆಟ್ರೋಲ್ ಈಗ ಎಲ್ಲೆಡೆ ಬಂದಿದೆ. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು; ನೀರು ಮಿತಿಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಅಡಿಗೆ ಕೂರುತ್ತವೆ. ಕಬ್ಬಿನ ಹಾಲು, ಕಾಕಂಬಿಗಳಿಂದ ತಯಾರಾಗುವ ಈ ಎಥನಾಲ್ ಮುಧೋಳ, ಜಮಖಂಡಿ ಭಾಗದ ಬೆಳೆಗಾರರಿಗೂ ಬೇಕಾದದ್ದೇ, ಆದ್ದರಿಂದ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಎಥನಾಲ್ ಬರುವ ಮೊದಲೂ ನಿಂತ ಗಾಡಿಯ ಟ್ಯಾಂಕ್ ತುಕ್ಕು ಹಿಡಿಯುತ್ತಿತ್ತು. ಈಗ ನಿಲ್ಲಿಸುವ ಮುನ್ನ ಟ್ಯಾಂಕನ್ನು ತುಂಬಿಸಿಡುವ, ಇಲ್ಲವೇ ಪೂರ್ತಿ ಬರಿದುಮಾಡಿ ಒಣಗಿಸಿಡುವ ಎಚ್ಚರ ಹೆಚ್ಚಬೇಕಾಗಿದೆ, ಅಷ್ಟೇ.

ತುಕ್ಕು ತೆಗೆಯಲು ಕೆಲವರು ಪಾಯಖಾನೆ ತೊಳೆಯುವ ಆಸಿಡ್ ಸುರಿಯುತ್ತಾರೆ. ಅದು ತುಕ್ಕಿನೊಡನೆ ತಗಡನ್ನೂ ತಿನ್ನುತ್ತದೆ, ತೊಳೆದ ಕೆಲವೇ ನಿಮಿಷಗಳಲ್ಲಿ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ. ನಾನು ಮಾಡಿದ್ದು ಇಷ್ಟು: ಪೆಟ್ರೋಲ್ ಕಾಕ್ ಮತ್ತು ಗೇಜಿನ ಫ್ಲೋಟ್ ಬಿಚ್ಚಿ, ತೂತುಗಳಿಗೆ ಬಿರಡೆ ಹಾಕಿ, ಟ್ಯಾಂಕನ್ನು ಸೋಪಿನ ನೀರಿನಿಂದ ಹಲವು ಸಲ ತೊಳೆದೆ. ಬಳಿಕ ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿದೆ (ಹಾಕುವ ಮುನ್ನ ಎಣಿಸಿಟ್ಟುಕೊಳ್ಳಬೇಕು, ನಾನು ಎಣಿಸದೆ ಅರ್ಧ ದಿನ ಕಳೆದುಕೊಂಡೆ). ಆಮೇಲೆ ಲೀಟರಿಗೆ ನೂರು ಗ್ರಾಮಿನಂತೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕದಡಿದ ಬಿಸಿನೀರನ್ನು ಕಂಠದವರೆಗೆ ತುಂಬಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಅಡುಗೆ ಸೋಡಾ ನೀರಿನಿಂದ ತೊಳೆದು, ತಡಮಾಡದೆ ಒಣಗಿಸಿ, ಒಳಗೆ ತುಸು ಎಂಜಿನ್ ಆಯಿಲ್ ಆಡಿಸಿದೆ. ಸೂಜಿಮೊನೆಯಷ್ಟಿದ್ದ ಎರಡು ತೂತುಗಳು ಆಗ ಸ್ಪಷ್ಟವಾಗಿ ಕಂಡವು. ಅವಕ್ಕೆ ಬೇರೊಬ್ಬ ಅನುಭವಿ ಕುಶಲಕರ್ಮಿ, ಆಯಿಲನ್ನು ಮತ್ತೆ ಪೂರ್ತಿ ತೊಳೆಸಿ, ಬೆಸೆಯುವ ಜಾಗವೊಂದನ್ನು ಬಿಟ್ಟು ಉಳಿದೆಡೆ ನೀರು ತುಂಬಿಸಿಕೊಂಡೇ ಹಿತ್ತಾಳೆ ಬೆಸುಗೆ ಹಾಕಿದರು. ತಳವೆಲ್ಲ ಜರಡಿಯಾಗಿರುವ ಟ್ಯಾಂಕಿಗೆ ಈ ಶ್ರಮ ವ್ಯರ್ಥ, ಬದಲಿಸುವುದೇ ಒಳಿತು. ಹೊರಗಿನಿಂದ ಸೋಪು ತಿಕ್ಕುವುದು, ಎಂ-ಸೀಲ್ ಮೆತ್ತುವುದು ಗ್ಯಾರೇಜು ಮುಟ್ಟುವವರೆಗಿನ ಉಪಾಯ ಮಾತ್ರ.

ಬಾಗಲಕೋಟೆ ಜಿಲ್ಲೆಯಲ್ಲಿ ಇಂಥ ಹಳೆಯ ದ್ವಿಚಕ್ರ ವಾಹನಗಳನ್ನೇ ನಂಬಿ ಹೊಲಕ್ಕೆ, ಹಾಲಿನ ಕೇಂದ್ರಕ್ಕೆ ಹೋಗುವವರು ಬಹಳಿದ್ದಾರೆ. ಆದ್ದರಿಂದ ಜಿಲ್ಲೆಯ ಸರ್ಕಾರಿ ಐಟಿಐಗಳು ಅಗ್ನಿಶಾಮಕ ಠಾಣೆಯ ಸಿಬ್ಬಂದಿಯೊಡಗೂಡಿ, ಪ್ರತಿ ತಾಲ್ಲೂಕು ಕೇಂದ್ರದಲ್ಲಿ ರಸ್ತೆಬದಿಯ ಮೆಕ್ಯಾನಿಕ್ ಹಾಗೂ ವೆಲ್ಡಿಂಗ್ ಕೆಲಸಗಾರರಿಗೆ ಒಂದು ದಿನದ ಪ್ರಾತ್ಯಕ್ಷಿಕೆ ನಡೆಸಬೇಕೆಂದು ವಿನಂತಿಸುತ್ತೇನೆ. ಅಂಗಡಿಗಳಿಗೆ ರಜೆಯಿರುವ ವಾರದ ದಿನವನ್ನೇ ಅದಕ್ಕೆ ಗೊತ್ತುಮಾಡಿದರೆ ಆ ಹುಡುಗನಂಥವರೂ ದಿನಗೂಲಿ ಕಳೆದುಕೊಳ್ಳದೆ ಬರಬಲ್ಲರು.

– ನಿವೃತ್ತ ಶಿಕ್ಷಕ, ಜಮಖಂಡಿ