ತಪ್ಪಲೆಯಾಗಿ ಹುಟ್ಟಿದ ಸರದಾರ: ಯುವ ಬರಹಗಾರನಿಗೊಂದು ಪತ್ರ

ಮೈಸೂರು

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಮೂರು ಅಧ್ಯಾಯ ಓದಿದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ ಸತ್ತ ಸರದಾರ, ಮಂಡ್ಯದ ಒಂದು ಅಡುಗೆಮನೆಯಲ್ಲಿ ಹಿತ್ತಾಳೆ ತಪ್ಪಲೆಯಾಗಿ ಎಚ್ಚರಗೊಳ್ಳುತ್ತಾನೆ. ಕಲ್ಪನೆ ಚೆನ್ನಾಗಿದೆ, ಬಿಡಬೇಡ. ಆದರೆ ಎರಡನೇ ಅಧ್ಯಾಯಕ್ಕೆ ತಪ್ಪಲೆ ಮಾತಾಡುತ್ತದೆ, ಮೂರನೆಯದರಲ್ಲಿ ಹಾರಿಹೋಗಿ ಕಳ್ಳರ ತಲೆಗೆ ಬಡಿಯುತ್ತದೆ. ತಪ್ಪಲೆ ಅಂತ ಇರುವ ಕಡೆಯೆಲ್ಲ ಬಕೆಟ್ ಅಂತ ಹಾಕಿ ಓದಿ ನೋಡು. ಒಂದು ವಾಕ್ಯವೂ ಕೆಡುವುದಿಲ್ಲ. ಕೆಡಬೇಕು ಕಣಪ್ಪ. ವಸ್ತು ಬದಲಾದರೂ ಕಥೆ ಹಾಗೇ ನಿಂತರೆ, ನೀನು ಇನ್ನೂ ವಸ್ತುವನ್ನು ಆರಿಸಿಯೇ ಇಲ್ಲ ಅಂತ ಅರ್ಥ.

ತಪ್ಪಲೆ ಒಳ್ಳೆಯ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಒರಳುಕಲ್ಲು ಇದ್ದಲ್ಲೇ ಇರುತ್ತದೆ, ನಾಣ್ಯ ಒಂದು ಕಡೆ ನಿಲ್ಲುವುದಿಲ್ಲ. ತಪ್ಪಲೆ ದಿನಕ್ಕೆ ನಾಲ್ಕಾರು ಸಲ ಕೈ ಬದಲಾಯಿಸುತ್ತದೆ, ಬೆಂಕಿ ಕಾಣುತ್ತದೆ, ನೀರು ಕಾಣುತ್ತದೆ, ಒಮ್ಮೊಮ್ಮೆ ಪಕ್ಕದ ಮನೆಗೂ ಹೋಗಿಬರುತ್ತದೆ. ಈಗ ಅದರ ಒಳಗನ್ನು ತಿಳಿದುಕೋ. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಬೆರೆಸಿದ ಲೋಹ. ಹುಳಿ ತಾಕಿದರೆ ಕಿಲುಬು ಬಿಡುತ್ತದೆ. ಅದಕ್ಕೇ ಹುಣಸೆಹಣ್ಣು ಬೀಳುವ ಸಾರನ್ನು ಕಲಾಯಿ, ಅಂದರೆ ಒಳಮೈಗೆ ತವರದ ಲೇಪ, ಇಲ್ಲದ ಹಿತ್ತಾಳೆಯಲ್ಲಿ ಕುದಿಸುವುದಿಲ್ಲ, ಮಜ್ಜಿಗೆಯನ್ನಂತೂ ಇಡುವುದೇ ಇಲ್ಲ. ಇಟ್ಟರೆ ರುಚಿ ಕೆಡುತ್ತದೆ, ತಿಂದವರಿಗೆ ಹೊಟ್ಟೆ ತೊಳಸಿ ವಾಂತಿಯಾಗಬಹುದು. ನಿನ್ನ ಸರದಾರನಿಗೆ ಆ ಮನೆಯವರನ್ನು ಕಾಯಬೇಕೆಂಬ ಹಂಬಲ. ಅವನ ಒಳಮೈಯೇ ಅವರಿಗೆ ವಿಷವಾಗಬಲ್ಲದು. ಇಷ್ಟು ಒಳ್ಳೆಯ ಶತ್ರು ಮನೆಯೊಳಗೇ ಇರುವಾಗ ಕಳ್ಳರು ಯಾಕೆ?

ಬರೆಯುವ ಮೊದಲು ಒಂದು ಸಲ ಕಲಾಯಿ ಹಾಕುವುದನ್ನು ಎದುರಿಗೆ ಕೂತು ನೋಡು. ಈಗ ಕಲಾಯಿಯವರು ಸಿಗುವುದು ಕಷ್ಟ, ಹಳೇ ಪಾತ್ರೆ ಅಂಗಡಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಮೊದಲು ಪಾತ್ರೆಯ ಒಳಗನ್ನು ಜಿಡ್ಡು, ಕಿಲುಬು ಒಂದಿಷ್ಟೂ ಉಳಿಯದ ಹಾಗೆ ಉಜ್ಜಿ ತೊಳೆಯುತ್ತಾರೆ. ಆಮೇಲೆ ಇದ್ದಿಲ ಬೆಂಕಿಗೆ ಗಾಳಿ ಊದುತ್ತಾ ಇಕ್ಕಳದಲ್ಲಿ ಹಿಡಿದು ತಿರುಗಿಸಿ ಕಾಯಿಸುತ್ತಾರೆ. ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಗಪ್ಪನೆ ಏಳುತ್ತದೆ, ಮೂಗು ಉರಿಯುತ್ತದೆ. ಆಗಲೇ ತವರದ ಕಡ್ಡಿಯನ್ನು ತಾಕಿಸಬೇಕು. ತವರ ಕರಗಿ ಹರಿಯುತ್ತಿರುವಾಗಲೇ ಹತ್ತಿಯ ಉಂಡೆಯಿಂದ ಸುತ್ತಲೂ ಸರ್ರನೆ ಒರೆಸಿದರೆ ಹಳದಿ ಮೈ ಬೆಳ್ಳಗಾಗುತ್ತದೆ. ಕೊನೆಗೆ ನೀರಿಗೆ ಅದ್ದುತ್ತಾರೆ. ಜಿಡ್ಡು ಉಳಿದ ಕಡೆ ತವರ ಹಿಡಿಯುವುದಿಲ್ಲ, ಅಲ್ಲಿ ಹಳದಿ ಮಚ್ಚೆ ಹಾಗೇ ನಿಲ್ಲುತ್ತದೆ. ಕಿಲುಬು ಮತ್ತೆ ಶುರುವಾಗುವುದು ಆ ಮಚ್ಚೆಯಿಂದಲೇ. ನಿನ್ನ ಕಥೆಗೆ ಅಂಥ ಒಂದು ಮಚ್ಚೆ ಸಾಕು.

ಇನ್ನೊಂದು ಲೆಕ್ಕ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸಾರು ಕುದಿಯುತ್ತಿರುವವರೆಗೆ ತೊಂದರೆ ಇಲ್ಲ, ನೀರು ಪಾತ್ರೆಯನ್ನು ಅಷ್ಟು ಕಾಯಲು ಬಿಡುವುದಿಲ್ಲ. ಆದರೆ ಬರೀ ಪಾತ್ರೆಯನ್ನು ಗ್ಯಾಸ್ ಮೇಲೆ ಮರೆತರೆ ಕಲಾಯಿ ಕರಗಿ ಗುಂಡುಗುಂಡಾಗಿ ತಳಕ್ಕೆ ಇಳಿಯುತ್ತದೆ. ಯುದ್ಧದಲ್ಲಿ ಗಾಯಗೊಂಡವನಿಗೆ ಇಲ್ಲಿ ಅಪಾಯ ಬರುವುದು ಒಂದು ಫೋನ್ ಕರೆಯಿಂದ: ಸೊಸೆ ಒಲೆ ಹಚ್ಚಿದಳು, ಪಾತ್ರೆ ಇಟ್ಟಳು, ನೀರು ಹಾಕುವ ಮೊದಲೇ ಫೋನ್ ಬಂತು. ಆ ದೃಶ್ಯಕ್ಕೆ ಎರಡು ಪುಟ ಕೊಡು. ಹಾರಾಟದ ಐದು ಪುಟ ತೆಗೆದರೆ ಜಾಗ ತಾನೇ ಸಿಗುತ್ತದೆ.

ಶಕ್ತಿಯ ವಿಷಯ. ಜಪಾನಿನ ಇಸೆಕಾಯ್ ಕಥೆಗಳಲ್ಲಿ, ಅಂದರೆ ನಾಯಕ ಬೇರೊಂದು ಲೋಕಕ್ಕೆ ಹೋಗಿ ಬೀಳುವ ಕಥೆಗಳಲ್ಲಿ, ಅವನ ಕಣ್ಣೆದುರು ಅಂಕಿಗಳ ಪಟ್ಟಿ ತೆರೆದುಕೊಳ್ಳುವುದನ್ನು ನೀನು ಹಾಗೇ ಎತ್ತಿಕೊಂಡಿದ್ದೀಯ: ‘ಬಲ 40, ಸಹನೆ 75’. ನಿನಗೆ ಅದು ಬೇಕಾಗಿಲ್ಲ. ಕಲಾಯಿಯೇ ಅವನ ಖಾತೆ. ಅವನು ತನ್ನ ಇಚ್ಛೆಯಿಂದ ಏನು ಮಾಡಿದರೂ, ಮುಚ್ಚಳ ಅಲುಗಿಸಲಿ, ಖಾಲಿಯಿರುವಾಗ ಠಣ್ ಅನ್ನಲಿ, ಬಿಸಿಯನ್ನು ಇನ್ನೊಂದು ಗಳಿಗೆ ಹಿಡಿದಿಡಲಿ, ಒಂದಿಷ್ಟು ಕಲಾಯಿ ಸವೆಯಲಿ. ಹೆಚ್ಚು ಸಹಾಯ ಮಾಡಿದಷ್ಟೂ ಬೇಗ ವಿಷವಾಗುತ್ತಾನೆ. ಮತ್ತೆ ಕಲಾಯಿ ಹಾಕಿಸಿದರೆ ಬಲ ಮರಳುತ್ತದೆ, ಆದರೆ ಆ ಬೆಂಕಿಯಲ್ಲಿ ಹಿಂದಿನ ಜನ್ಮದ ಒಂದು ನೆನಪು ಹೋಗುತ್ತದೆ ಅಂತ ಇಟ್ಟುಕೋ. ಯಾವ ನೆನಪು ಮೊದಲು ಹೋಗುತ್ತದೆ, ಯಾವುದು ಕೊನೆಗೆ, ಇದನ್ನು ಈಗಲೇ ಗೊತ್ತುಮಾಡು. ಬರೆಯುತ್ತಾ ಹೋದರೆ ಸಿಗುತ್ತದೆ ಅಂತ ಬಿಟ್ಟರೆ ನಡುವೆ ನಿಯಮವನ್ನೇ ಬದಲಾಯಿಸುತ್ತೀಯ, ಓದುಗನಿಗೆ ಗೊತ್ತಾಗಿಬಿಡುತ್ತದೆ.

ನಿಯಮ ಕಟ್ಟುವುದನ್ನು ಕಲಿಯಲು ಜಪಾನಿಗೇನೂ ಹೋಗಬೇಕಿಲ್ಲ. ಹೂಮರವಾಗುವ ಹುಡುಗಿಯ ನಮ್ಮ ಜನಪದ ಕಥೆ ಇದೆಯಲ್ಲ, ಅದನ್ನು ಬಿಚ್ಚಿ ನೋಡು. ಎರಡು ಕೊಡ ನೀರು, ಉಗುರು ತಾಕಬಾರದು. ಒಂದು ಕೊಡ ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂ ಬಿಡಿಸುವಾಗ ಕುಡಿ ಮುರಿಯಬಾರದು, ಎಲೆ ಹರಿಯಬಾರದು. ಇಷ್ಟೇ ನಿಯಮ, ಇಡೀ ಕಥೆ ಆ ನಿಯಮ ಮುರಿದ ಜಾಗದಿಂದ ಹುಟ್ಟುತ್ತದೆ. ರೆಂಬೆ ಮುರಿದವರು ಮಂತ್ರವಾದಿಗಳಲ್ಲ, ಆಟಕ್ಕೆ ಬಂದ ಹುಡುಗಿಯರು.

ಇನ್ನು ಅವನಿಗೆ ಏನು ಕಾಣುತ್ತದೆ, ಏನು ಕೇಳುತ್ತದೆ? ನೀನು ಯೋಚನೆಯಿಲ್ಲದೆ ಕಣ್ಣು ಕೊಟ್ಟಿದ್ದೀಯ. ಎಲ್ಲಿವೆ ಆ ಕಣ್ಣು, ಕಂಠದಲ್ಲೋ ತಳದಲ್ಲೋ? ಬೋರಲು ಹಾಕಿದರೆ ಏನು ಕಾಣುತ್ತದೆ? ನನ್ನ ಸಲಹೆ, ಕಣ್ಣು ತೆಗೆದುಬಿಡು. ಬಿಸಿ, ಭಾರ, ಸದ್ದಿನ ಅದುರು ಈ ಮೂರು ಸಾಕು. ‘ಸೊಸೆ ಬೇಜಾರಿನಲ್ಲಿದ್ದಳು’ ಅಂತ ಬರೆದಿದ್ದೀಯ. ತಪ್ಪಲೆಗೆ ಅದು ಹೇಗೆ ಗೊತ್ತು? ಹೀಗೆ ಬರೆದು ನೋಡು: ‘ಅತ್ತೆ ಹಿಡಿದರೆ ಇಕ್ಕಳ ಒಂದೇ ಪಟ್ಟಿಗೆ ಕಂಠ ಕಚ್ಚುತ್ತಿತ್ತು. ಇವಳ ಕೈಯಲ್ಲಿ ಇವತ್ತು ಎರಡು ಸಲ ಜಾರಿತು. ಬಳೆ ಸದ್ದಿರಲಿಲ್ಲ.’ ಬಸ್ಸಾರಿನ ದಿನ ಕಟ್ಟು ಬಸಿಯುವಾಗಂತೂ ಮುಚ್ಚಳ ಓರೆಯಾಗುತ್ತದೆ, ಭಾರವೆಲ್ಲ ಒಂದು ಕಡೆಗೆ ವಾಲುತ್ತದೆ, ಕುದಿನೀರು ಅವಳ ಬೆರಳಿಂದ ನಾಲ್ಕೇ ಅಂಗುಲ ದೂರ. ಅಲ್ಲಿ ಮುಚ್ಚಳವನ್ನು ಬಿಗಿಹಿಡಿಯಲು ಅವನು ಎಷ್ಟು ಕಲಾಯಿ ಕೊಡುತ್ತಾನೆ?

ಚರಿತ್ರೆಯಲ್ಲಿ ಕೆಲವು ತಪ್ಪು ನುಸುಳಿವೆ. ಮೇ 4ರ ದಾಳಿ ನಡೆದದ್ದು ಹಾಡುಹಗಲು, ಮಧ್ಯಾಹ್ನದ ಹೊತ್ತಿಗೆ. ಬೇಸಿಗೆಯ ಕಾವೇರಿಯಲ್ಲಿ ನೀರು ಕಮ್ಮಿ ಇತ್ತು, ಸೈನಿಕರು ನಡೆದೇ ದಾಟಿದರು. ನೀನು ಬೆಳಗಿನ ಜಾವ, ತುಂಬಿದ ಹೊಳೆ ಅಂತ ಬರೆದಿದ್ದೀಯ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ. ಆದ್ದರಿಂದ ಆ ಕಟ್ಟೆಯಿಂದ ಬರುವ ನಾಲೆ ನೀರು, ಎತ್ತ ನೋಡಿದರೂ ಕಬ್ಬು, ಇವು ಅವನಿಗೆ ಅಪರಿಚಿತ. ಹುಣಸೆಹುಳಿ ಗೊತ್ತು, ಸಾರಿನಲ್ಲಿ ಟೊಮೇಟೊ ಗೊತ್ತಿರಲಾರದು. ಕುಕ್ಕರ್, ಮಿಕ್ಸಿಗಳಿಗೆ ಅವನ ಬಳಿ ಹೆಸರಿಲ್ಲ, ಸದ್ದು ಮಾತ್ರ ಇದೆ. ಈ ಆಟ ಎರಡು ಮೂರು ಕಡೆ ಸಾಕು. ಪ್ರತಿ ಪುಟದಲ್ಲೂ ಒಗಟು ಬಿಡಿಸುತ್ತಾ ಕೂರಲು ಓದುಗನಿಗೆ ಪುರುಸೊತ್ತಿಲ್ಲ.

ತಪ್ಪಲೆಗೆ ವಯಸ್ಸೆಷ್ಟು ಅಂತ ಎಲ್ಲೂ ಹೇಳಿಲ್ಲ. ಇನ್ನೂರು ವರ್ಷದ್ದಾಗಿರಬೇಕಿಲ್ಲ, ನಲವತ್ತು ಅನ್ನು. ಹಾಗಾದರೆ ನಡುವಿನ ಕಾಲ ಜೀವ ಎಲ್ಲಿತ್ತು? ಉತ್ತರ ನಿನಗೆ ಗೊತ್ತಿದ್ದರೆ ಸಾಕು, ಬರೆಯಬೇಕೆಂದಿಲ್ಲ. ಬರೆಯಬೇಕಾದದ್ದು ಕಂಠದ ಮೇಲಿನ ಹೆಸರು. ಮದುವೆಗೆ ಕೊಡುವ ಪಾತ್ರೆಗೆ ಅಂಗಡಿಯಲ್ಲೇ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಾರಲ್ಲ, ಕೆಲವೊಮ್ಮೆ ತಾರೀಖನ್ನೂ. ಸರದಾರನ ಮೈಮೇಲೆ ಬೇರೆ ಯಾರದೋ ಹೆಸರು ಕೊರೆಯುವ ಆ ಗಳಿಗೆಯಿಂದಲೇ ಮೊದಲ ಅಧ್ಯಾಯ ಶುರುಮಾಡಬಹುದು. ಯುದ್ಧದ ಆರು ಪುಟ ಆಮೇಲೆ ನೆನಪಾಗಿ ಚೂರುಚೂರು ಬರಲಿ.

ಪುನರ್ಜನ್ಮ ಹೇಗಾಯಿತು ಅಂತ ವಿವರಿಸಲು ಹೋಗಿದ್ದೀಯ, ಬೆಳಕಿನ ಸುರಂಗ, ದೇವತೆಯ ಸಂದರ್ಶನ ಎಲ್ಲ. ನಮ್ಮ ಓದುಗ ‘ಹೇಗೆ’ ಅಂತ ಕೇಳುವುದಿಲ್ಲ, ಹುಟ್ಟಿದಾಗಿನಿಂದ ಕೇಳಿರುವ ವಿಷಯ ಅದು. ‘ಯಾವ ಕರ್ಮಕ್ಕೆ’ ಅಂತ ಕೇಳಿಯೇ ಕೇಳುತ್ತಾನೆ. ಮುತ್ತಿಗೆಯ ಹೊತ್ತಿನಲ್ಲಿ ಸರದಾರ ಯಾರ ಅನ್ನಕ್ಕೆ ಕೈ ಹಾಕಿದ್ದ? ನಿನ್ನ ಹಸ್ತಪ್ರತಿಯಲ್ಲಿ ಉಗ್ರಾಣದ ಕಾವಲಿನ ಬಗ್ಗೆ ಒಂದು ಸಾಲು ಬಂದು ಹೋಗುತ್ತದೆ. ಅದನ್ನು ಹಿಡಿದುಕೋ, ಕಥೆಯ ಅರ್ಧ ದಾಟುವವರೆಗೆ ಬಿಚ್ಚಬೇಡ.

ನಿರೂಪಣೆ ‘ನಾನು’ ಬೇಡ, ‘ಅವನು’ ಇರಲಿ. ಸಣ್ಣ ಕಥೆಯಾದರೆ ಒಂದೇ ಮನೆ, ಒಂದೇ ಕಲಾಯಿ, ಮೂರು ಸಾವಿರ ಪದ. ಕಾದಂಬರಿಯೇ ಆಗಬೇಕೆಂದರೆ ಮೂರು ನಾಲ್ಕು ಒಡೆಯರು ಬೇಕು, ನಡುವೆ ಅಟ್ಟದ ಮೇಲೆ ಸುಮ್ಮನೆ ಬಿದ್ದ ವರ್ಷಗಳು ಬೇಕು. ಹಳೇ ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಸ್ಟೀಲ್ ತರುವ ದಿನವೂ ಬಂದೇ ಬರುತ್ತದೆ. ಅಂಗಡಿಯವನು ತಕ್ಕಡಿಗೆ ಇಡುವ ಮೊದಲು ಕಂಠದ ಹೆಸರು ಓದುತ್ತಾನೋ ಇಲ್ಲವೋ ಅನ್ನುವುದನ್ನು ನಿನಗೇ ಬಿಡುತ್ತೇನೆ.

ಸದ್ಯಕ್ಕೆ ಎರಡನೇ ಅಧ್ಯಾಯ ಮಾತ್ರ ತಿದ್ದಿ ಕಳಿಸು, ಮಾತು ಮತ್ತು ಕಣ್ಣು ಎರಡನ್ನೂ ತೆಗೆದು.

ನಿನ್ನ ಅಣ್ಣ